ಗೇಣುದ್ದದ ನಾಯಿ, ಎರಡು ದಿನದ ಅಜಿಲಿಟಿ

ಅಜಿಲಿಟಿ ಅಂದರೆ ಜೊತೆಗೆ ಓಡುವ ಒಡೆಯರ ಮಾತು, ಸನ್ನೆ ನೋಡಿಕೊಂಡು ನಾಯಿ ಅಡೆತಡೆಗಳ ದಾರಿಯನ್ನು ಬೇಗ ಬೇಗ ದಾಟುವ ಆಟ. ಈ ಸ್ಪರ್ಧೆಗೆ ಪುಟ್ಟ ನಾಯಿಯನ್ನು ಕರೆದುಕೊಂಡು ಹೋದರೆ ಮೊದಲು ಕೇಳಿಬರುವ ಮಾತು ‘ಅಯ್ಯೋ, ಎಷ್ಟು ಮುದ್ದಾಗಿದೆ!’ ಎರಡನೆಯದು ‘ಇದು ಹಾರುತ್ತಾ?’ ಹಾರುತ್ತದೆ, ಚೆನ್ನಾಗೇ ಹಾರುತ್ತದೆ. ಪುಟ್ಟ ನಾಯಿಗಳು ಪಾಯಿಂಟು ಕಳೆದುಕೊಳ್ಳುವುದು ಬೇರೆ ಕಡೆ: ಸೀಸಾ ಎಂಬ ಏರಿಳಿ ಹಲಗೆಯ ಮೇಲೆ, ಒದ್ದೆ ಹುಲ್ಲಿನಲ್ಲಿ, ಮತ್ತೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಮ್ಮ ಕಾಲಡಿಯಲ್ಲಿ.

ಮೊದಲು ಅಳತೆ

ನಾಯಿಯನ್ನು ಸಮ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಹೆಗಲಿನ ಮೇಲ್ತುದಿಯಿಂದ ನೆಲದವರೆಗೆ ಅಳೆಯಿರಿ. ತಲೆಯಿಂದ ಅಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ನಿಯಮದಲ್ಲಿ 35 ಸೆಂ.ಮೀ.ಗಿಂತ ಕುಳ್ಳಗಿರುವ ನಾಯಿಗಳು ‘ಸ್ಮಾಲ್’ ಗುಂಪಿಗೆ ಬರುತ್ತವೆ, ಅಂದರೆ ಸುಮಾರು ಒಂದೂವರೆ ಗೇಣು. ಅಮೆರಿಕದ ಶ್ವಾನ ಸಂಘ ಎಕೆಸಿಯ ಸ್ಪರ್ಧೆಗಳಲ್ಲಿ 11 ಇಂಚಿನ ಒಳಗಿನವು ಸಾಮಾನ್ಯವಾಗಿ 8 ಇಂಚು ಹಾರುತ್ತವೆ. ಗಡಿಯಲ್ಲಿರುವ ನಾಯಿಯಾದರೆ ಮೈದಾನದ ಅಳತೆಗೋಲನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ, ಗೋಲು ಕಂಡ ಕೂಡಲೇ ಕುಗ್ಗುವ ನಾಯಿಗಳೂ ಇವೆ, ಕೊರಳು ನಿಗುರಿಸಿ ಎರಡು ಸೆಂ.ಮೀ. ಬೆಳೆಯುವವೂ ಇವೆ.

ವಯಸ್ಸೂ ನೋಡಿ. ಎಫ್‌ಸಿಐನಲ್ಲಿ 18 ತಿಂಗಳು, ಎಕೆಸಿಯಲ್ಲಿ 15 ತಿಂಗಳು ತುಂಬಿರಬೇಕು. ಡಾಕ್ಸ್‌ಹುಂಡ್ ಥರದ ಉದ್ದ ಬೆನ್ನಿನ ನಾಯಿಗಳಿಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಜಾಸ್ತಿ, ತೀರಾ ಪುಟ್ಟ ತಳಿಗಳಿಗೆ ಮಂಡಿಚಿಪ್ಪು ಜಾರುವ ತೊಂದರೆ. ಹೆಸರು ಕೊಡುವ ಮೊದಲೇ ಪಶುವೈದ್ಯರಿಗೆ ತೋರಿಸಿ.

ಸೀಸಾಗೆ ತಿಂಗಳುಗಟ್ಟಲೆ ಸಮಯ ಕೊಡಿ

ಅರ್ಧ ತಯಾರಿ ಇದಕ್ಕೇ ಹೋದರೂ ನಷ್ಟವಿಲ್ಲ. ಮಕ್ಕಳ ಏರಿಳಿ ಹಲಗೆಯಂತೆಯೇ ಇದು. ನಾಯಿ ಒಂದು ತುದಿಯಿಂದ ಹತ್ತಬೇಕು, ನಡುವಿನ ಆಸರೆ ದಾಟಬೇಕು, ಹಲಗೆ ನೆಲ ಮುಟ್ಟಿದ ಮೇಲೆಯೇ ಇಳಿಯಬೇಕು. ಮೊದಲೇ ಹಾರಿದರೆ ಎಫ್‌ಸಿಐ ಲೆಕ್ಕದಲ್ಲಿ ಐದು ಫಾಲ್ಟ್, ಅಂದರೆ ದಂಡದ ಅಂಕ. ಇಪ್ಪತ್ತು ಕಿಲೋ ತೂಗುವ ನಾಯಿ ನಡು ದಾಟಿದರೆ ಹಲಗೆ ಧಡ್ ಅಂತ ಬೀಳುತ್ತದೆ. ಮೂರು ಕಿಲೋದ ನಾಯಿ ನಡು ದಾಟಿ ನಿಂತರೆ ಹಲಗೆ ಯೋಚನೆ ಮಾಡುತ್ತಾ ಇಳಿಯುತ್ತದೆ. ಇಳಿಯುವ ಬದಿಯ ಮಧ್ಯದಲ್ಲಿ ಒಂದು ಕಿಲೋ ತೂಕ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ಹಲಗೆ ನೆಲ ಮುಟ್ಟಬೇಕು ಎಂಬ ನಿಯಮವೇನೋ ಇದೆ, ಆದರೆ ನೂರನೇ ಸೆಕೆಂಡಿನ ಲೆಕ್ಕದಲ್ಲಿ ಗೆಲ್ಲುವ ಆಟದಲ್ಲಿ ಕೆಲವು ಸೆಕೆಂಡು ಅಂದರೆ ಒಂದು ಯುಗ, ಅಲ್ವಾ?

ಉಪಾಯ ಒಂದೇ. ಭಾರ ಆಸರೆಯಿಂದ ದೂರ ಹೋದಷ್ಟೂ ಹಲಗೆ ಬೇಗ ಇಳಿಯುತ್ತದೆ. ಹಾಗಾಗಿ ಪುಟ್ಟ ನಾಯಿಗೆ ಕಲಿಸಬೇಕಾದ್ದು ‘ಮೆಲ್ಲಗೆ, ಹುಷಾರು’ ಅಲ್ಲ, ‘ತುದಿವರೆಗೆ ಓಡು, ಅಲ್ಲೇ ಅಂಟಿಕೊ’. ಇಳಿಯುವ ತುದಿಯ ಕೆಳಗೆ ದಪ್ಪ ದಿಂಬುಗಳನ್ನಿಟ್ಟು ಹಲಗೆ ನಾಲ್ಕು ಬೆರಳಷ್ಟೇ ಅಲುಗುವಂತೆ ಶುರು ಮಾಡಿ. ತುದಿಯಲ್ಲಿ ತಿಂಡಿ. ನಾಯಿ ಓಡಿ ಹೋಗಿ ತುದಿಯಲ್ಲಿ ಬಾಲ ಅಲ್ಲಾಡಿಸುತ್ತಾ ನಿಲ್ಲುವ ಹಾಗಾದ ಮೇಲೆ ಒಂದೊಂದೇ ದಿಂಬು ತೆಗೆಯಿರಿ. ಬೀಳುವ ಸದ್ದಿಗೆ ಬೇರೆಯಾಗಿ ಅಭ್ಯಾಸ ಬೇಕು, ಮೈದಾನದಲ್ಲಿ ಬೇರೆ ನಾಯಿಗಳು ಸದ್ದು ಮಾಡುತ್ತಲೇ ಇರುತ್ತವೆ. ಒಂದೇ ಸೀಸಾ ಮೇಲೆ ಕಲಿತ ನಾಯಿ ಇನ್ನೊಂದರ ಮೇಲೆ ನಡುಗುವುದು ಮಾಮೂಲು, ಆದ್ದರಿಂದ ಸಿಕ್ಕ ಸೀಸಾಗಳ ಮೇಲೆಲ್ಲ ಹತ್ತಿಸಿ.

ನಾಯಿ ಹಾವಿನಂತೆ ಆಚೀಚೆ ನುಸುಳಿ ದಾಟಬೇಕಾದ ಸಾಲು ಕಂಬಗಳು, ಅಂದರೆ ವೀವ್ ಕಂಬಗಳ ಬಗ್ಗೆ ಪುಟ್ಟ ನಾಯಿಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಂಬಗಳ ನಡುವೆ 60 ಸೆಂ.ಮೀ. ಜಾಗ ಇರುತ್ತದೆ, ದೊಡ್ಡ ನಾಯಿ ಮೈ ಬಳುಕಿಸಿ ಒದ್ದಾಡುವಲ್ಲಿ ಇವು ಸಲೀಸಾಗಿ ನುಸುಳುತ್ತವೆ. ಮೊದಲ ಕಂಬ ನಾಯಿಯ ಎಡ ಹೆಗಲಿಗೆ ಬರುವಂತೆ ಒಳಹೊಕ್ಕರೆ ಸಾಕು.

ಕುಕ್ಕರಗಾಲಲ್ಲಿ ಕೂತು ದಾರಿ ನೋಡಿ

ಓಟಕ್ಕೆ ಮೊದಲು ನಾಯಿಯಿಲ್ಲದೆ ದಾರಿ ನಡೆದು ನೋಡಲು ಕೆಲವು ನಿಮಿಷ ಕೊಡುತ್ತಾರೆ. ಎಲ್ಲರೂ ಕೈ ಬೀಸುತ್ತಾ ನಡೆಯುತ್ತಾರೆ. ನೀವೂ ನಡೆಯಿರಿ, ಆದರೆ ಮೂರ್ನಾಲ್ಕು ಕಡೆ ಕುಕ್ಕರಗಾಲಲ್ಲಿ ಕೂತು ನಾಯಿಯ ಕಣ್ಣಿನ ಮಟ್ಟದಿಂದ ನೋಡಿ. ಯಾರಾದರೂ ನಕ್ಕರೆ ನಗಲಿ. ನಿಂತಾಗ ಕಣ್ಣಿಗೆ ಹೊಡೆದು ಕಾಣುತ್ತಿದ್ದ ಜಂಪ್, ಕೂತಾಗ ಟನಲ್ (ನಾಯಿ ತೂರಿ ಹೋಗುವ ಕೊಳವೆ) ಹಿಂದೆ ಮಾಯ. ಗುಡಾರದಂತೆ ಎರಡು ಇಳಿಜಾರು ಹಲಗೆ ಜೋಡಿಸಿದ ಎ-ಫ್ರೇಮ್ ಅಂದರೆ ಬರೀ ಗೋಡೆ. ನಾಯಿಗೆ ಕಾಣದ ಕಡೆ ಮಾತು ಬೇಗ ಹೊರಡಬೇಕು.

ಲೆಕ್ಕ ಹಾಕಬೇಕಾದ ಇನ್ನೊಂದು, ಹೆಜ್ಜೆ. ದೊಡ್ಡ ನಾಯಿ ಎರಡು ನೆಗೆತಕ್ಕೆ ಮುಗಿಸುವ ದೂರಕ್ಕೆ ನಿಮ್ಮದು ಐದಾರು ಹೆಜ್ಜೆ ಹಾಕಬಹುದು. ಹಾಗಾಗಿ ನೀವು ಮುಂದೆ ಹೋಗಿ ಕಾಯುವ ಪರಿಸ್ಥಿತಿ ಬರುತ್ತದೆ, ಕಾದರೆ ಕೆಟ್ಟಿರಿ, ನೀವು ನಿಂತರೆ ಅದೂ ನಿಲ್ಲುತ್ತದೆ. ನಿಧಾನಕ್ಕಾದರೂ ಕಾಲು ಆಡಿಸುತ್ತಲೇ ಇರಿ. ಬಗ್ಗಿ ಕೈ ತೋರಿಸಬೇಡಿ, ಅಷ್ಟು ಪುಟ್ಟ ಪ್ರಾಣಿಯ ಮೇಲೆ ನಾವು ಬಗ್ಗಿದರೆ ಮರ ಬಿದ್ದ ಹಾಗೆ ಅನಿಸುತ್ತೇನೋ, ಬಹಳಷ್ಟು ಹಿಂಜರಿಯುತ್ತವೆ. ಅವಕ್ಕೆ ಚೆನ್ನಾಗಿ ಕಾಣುವುದು ನಮ್ಮ ಪಾದ. ಹೋಗಬೇಕಾದ ಕಡೆಗೆ ಪಾದ ತಿರುಗಿರಲಿ.

ಕಾಲಡಿಯ ಮಾತು ಹೇಳಿದೆನಲ್ಲ. ಮೊದಲ ವರ್ಷ ನಾನು ಓಡುವಾಗ ನಾಯಿಯ ಒಂದು ಪಕ್ಕದಿಂದ ಇನ್ನೊಂದಕ್ಕೆ ತಡವಾಗಿ ಬದಿ ಬದಲಿಸಲು ಹೋಗಿ ನಮ್ಮ ಪುಟ್ಟಿಯ ಪಾದ ತುಳಿದೆ. ನಾಯಿಯನ್ನು ಮುಟ್ಟಿದ್ದಕ್ಕೆ ಫಾಲ್ಟ್ ಬಿತ್ತು, ಅದು ದೊಡ್ಡ ವಿಷಯವಲ್ಲ. ಮುಂದಿನ ಎರಡು ತಿಂಗಳು ಅದು ನನ್ನಿಂದ ಒಂದು ಮಾರು ದೂರದಲ್ಲೇ ಓಡಿತು. ಈಗ ನಾಯಿ ಟನಲ್‌ನೊಳಗೆ ಇರುವಾಗಲೇ ಬದಿ ಬದಲಿಸಿ ಮುಗಿಸಿಬಿಡುತ್ತೇನೆ.

ಮೈದಾನದ ದಿನ

ಜಂಪಿನ ಎತ್ತರ ಬದಲಿಸುವುದು ತಲೆನೋವಿನ ಕೆಲಸ, ಅದಕ್ಕೇ ಪುಟ್ಟ ನಾಯಿಗಳನ್ನೆಲ್ಲ ಒಟ್ಟಿಗೆ ಓಡಿಸುತ್ತಾರೆ. ಮೊದಲೋ ಕೊನೆಯೋ ಅಂತ ಬೆಳಿಗ್ಗೆಯೇ ಪಟ್ಟಿ ನೋಡಿ. ಮೊದಲಾದರೆ ದಾರಿ ನಡೆದು ಬಂದ ಕೂಡಲೇ ಓಟ, ನಾಯಿಯ ಮೈ ಬಿಸಿ ಮಾಡಲು ಸಮಯವೇ ಸಿಗದು, ನೀವು ದಾರಿ ನೋಡುವಾಗ ಬೇರೆ ಯಾರಾದರೂ ಅದನ್ನು ಓಡಾಡಿಸುತ್ತಿರಲಿ.

ಒಳಹೋಗುವ ಬಾಗಿಲ ಬಳಿ ದೊಡ್ಡ ನಾಯಿಗಳು ಮೈಮೇಲೆ ಬರುವ ಹಾಗೆ ನಿಂತಿರುತ್ತವೆ. ಸರದಿ ಬರುವವರೆಗೆ ಎತ್ತಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಎರಡು ನಾಯಿ ಬಾಕಿ ಇರುವಾಗ ಕೆಳಗಿಳಿಸಿ ನಡೆಸಿ, ತೋಳಿನಿಂದ ನೇರ ಓಟಕ್ಕೆ ಬಿಟ್ಟರೆ ಸ್ನಾಯು ಬಿಗಿದಿರುತ್ತದೆ.

ಹುಲ್ಲು ಒದ್ದೆಯಿದ್ದರೆ ಶುರುವಿನ ಗೆರೆಯಲ್ಲಿ ‘ಕೂರು’ ಅನ್ನಬೇಡಿ. ತಣ್ಣನೆ ನೀರಿಗೆ ಹೊಟ್ಟೆ ತಾಗಿಸಿ ಕೂರಲು ಯಾರಿಗೆ ಇಷ್ಟ? ನಿಂತೇ ಕಾಯುವುದನ್ನು ಮನೆಯಲ್ಲಿ ಕಲಿಸಿರಿ. ಓಟದ ಜಾಗಕ್ಕೆ ತಿಂಡಿ, ಆಟಿಕೆ ಒಯ್ಯುವಂತಿಲ್ಲ. ಜೇಬು ಒಮ್ಮೆ ಮುಟ್ಟಿ ನೋಡಿಕೊಳ್ಳಿ.

ಊಟವನ್ನು ಚೂರು ಚೂರಾಗಿ ದಿನವಿಡೀ ಹಂಚಿ ಕೊಡಿ, ತೀರಾ ಪುಟ್ಟ ನಾಯಿಗಳು ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ ಇಳಿದು ತೂರಾಡಬಹುದು. ಬಿಸಿಲಿಗೆ ನೆರಳು, ಚಳಿಗೆ ಹೊದಿಕೆ, ಎರಡೂ ಜೊತೆಗಿರಲಿ. ಪಗ್‌ನಂಥ ಮೊಂಡು ಮೂಗಿನವಕ್ಕೆ ಬೇಗ ಮೈ ಬಿಸಿಯೇರುತ್ತದೆ, ನೀರು ಚಿಮುಕಿಸುತ್ತಿರಿ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಾಯಿಯನ್ನು ಸುಮ್ನೆ ಐದು ನಿಮಿಷ ಗಮನಿಸಿ. ಶನಿವಾರ ಹಾರಿದ್ದ ಬಾರ್‌ಗಳನ್ನೇ ಬೀಳಿಸುತ್ತಿದೆಯಾ, ಸೀಸಾದ ತುದಿಗೆ ಹೋಗದೆ ನಡುವಲ್ಲೇ ನಿಲ್ಲುತ್ತಿದೆಯಾ, ಪಾದ ನೆಕ್ಕುತ್ತಿದೆಯಾ. ಬೆರಳ ಸಂದಿಗಳನ್ನು ಬಿಡಿಸಿ ನೋಡಿ. ಹೋದ ಸಲ ಕೊನೆಯ ಓಟಕ್ಕೆ ಕರೆದಾಗ ಪುಟ್ಟಿ ಕ್ರೇಟ್‌ನ ಮೂಲೆಗೆ ಇನ್ನಷ್ಟು ಸರಿದು, ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡಿತು. ಆಯೋಜಕರ ಮೇಜಿನ ಹತ್ತಿರ ಹೋಗಿ ಹೆಸರು ತೆಗೆಸಿ ಬಂದೆ.