ಊರ ಪಕ್ಕ ಗಣಿ ಬರುವುದಾದರೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಕೊಡಗಿನಲ್ಲಿ ಗಣಿ, ಕಲ್ಲುಕೋರೆಗೆ ಅರ್ಜಿ ಬಿದ್ದ ಸುದ್ದಿ ಬಂದರೆ ಮನವಿ, ಪ್ರತಿಭಟನೆ ಶುರುವಾಗುತ್ತದೆ. ಅದೂ ಬೇಕು. ಆದರೆ ಪರಿಸರ ಅನುಮತಿ ತೀರ್ಮಾನವಾಗುವುದು ಕಡತದ ಮೇಲೆ. ನಿಮ್ಮ ಮಾತು ಆ ಕಡತಕ್ಕೆ ಸೇರಬೇಕು.

ಮೊದಲು ವಿಸ್ತೀರ್ಣ ತಿಳಿದುಕೊಳ್ಳಿ. ಅರ್ಜಿಯ ವಿವರ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತದೆ. 5 ಹೆಕ್ಟೇರ್ ಒಳಗಿನ ಒಂಟಿ ಕೋರೆಗೆ ಸಾಮಾನ್ಯವಾಗಿ ಸಾರ್ವಜನಿಕ ವಿಚಾರಣೆ, ಅಂದರೆ ಊರವರ ಅಭಿಪ್ರಾಯ ಕೇಳುವ ಸಭೆ, ಇರುವುದಿಲ್ಲ. ಆದರೆ 500 ಮೀಟರ್ ಒಳಗಿನ ಕೋರೆಗಳೆಲ್ಲ ಸೇರಿ 5 ಹೆಕ್ಟೇರ್ ದಾಟಿದರೆ ಲೆಕ್ಕವೇ ಬೇರೆ. ಹಾಗಾಗಿ ಅಕ್ಕಪಕ್ಕದ ಕೋರೆಗಳನ್ನೂ ನೋಡಿ.

ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎನ್ನುತ್ತದೆ ಕೇಂದ್ರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ. ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಹೇಳುವ ಪರಿಣಾಮ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗುತ್ತದೆ. ಸಾರಾಂಶ ಕನ್ನಡದಲ್ಲೂ ಇರಬೇಕು.

ಜಾಸ್ತಿ ಸಮಯ ಕೊಡಬೇಕಾದದ್ದು ಈ ವರದಿಗೇ. ನೀರು, ಗಾಳಿಯ ಮಾದರಿ ಯಾವ ತಿಂಗಳಲ್ಲಿ ತೆಗೆದಿದ್ದಾರೆ ನೋಡಿ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎನ್ನುತ್ತದೆ ನಿಯಮ. ನಮ್ಮಲ್ಲಿ ಅಪಾಯ ಇರುವುದೇ ಮಳೆಗಾಲದಲ್ಲಿ ಅಲ್ವಾ? 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದದ್ದು ಸುರಿಯುವ ಮಳೆಯಲ್ಲೇ. ಬೇಸಿಗೆಯಲ್ಲಿ ಒಣಗಿ ನಿಂತ ತೋಡನ್ನು ನೋಡಿ ಬರೆದ ವರದಿಗೆ ಜುಲೈನ ತೋಡು ಹೇಗೆ ಗೊತ್ತಾಗಬೇಕು? ಅದನ್ನು ತೋರಿಸಬೇಕಾದವರು ನೀವೇ. ಮಳೆಗಾಲದ ಫೋಟೊಗಳನ್ನು ತಾರೀಕು ಸಮೇತ ಲಗತ್ತಿಸಿ.

ಅಗೆದ ಮಣ್ಣಿನ ರಾಶಿ ಎಲ್ಲಿ ಹಾಕುತ್ತಾರೆ ಎಂಬುದನ್ನು ನಕ್ಷೆಯಲ್ಲಿ ಹುಡುಕಿ. 'ನೀರು ಹಾಳಾಗುತ್ತದೆ' ಎಂದಷ್ಟೇ ಬರೆದರೆ ಸಾಲದು. 'ಈ ಸರ್ವೆ ನಂಬರಿನ ರಾಶಿ ಈ ತೋಡಿನ ಮೇಲ್ಭಾಗದಲ್ಲಿದೆ, ನಾಟಿ ಹೊತ್ತಿಗೆ ಕೆಳಗಿನ ಗದ್ದೆಗಳಿಗೆ ಇದೇ ನೀರು' ಎಂದು ಬರೆಯಿರಿ. ಅದಕ್ಕೆ ಕಂಪನಿ ಉತ್ತರ ಕೊಡಲೇಬೇಕು.

ದೇವರಕಾಡು, ಮೀಸಲು ಅರಣ್ಯ ಹತ್ತಿರವಿದ್ದರೆ ದೂರ ನಮೂದಿಸಿ. ಅರಣ್ಯ ಭೂಮಿಯಾದರೆ ಕೇಂದ್ರದ ಪ್ರತ್ಯೇಕ ಒಪ್ಪಿಗೆ ಬೇಕು. 2024ರ ಜುಲೈನ ಪಶ್ಚಿಮಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯ ಪಟ್ಟಿಯಲ್ಲಿ ನಿಮ್ಮ ಗ್ರಾಮವಿದ್ದರೆ ಅದನ್ನೂ ಸೇರಿಸಿ. ಆ ಕರಡು ಗಣಿ, ಕೋರೆ ಎರಡನ್ನೂ ಬೇಡ ಎನ್ನುತ್ತದೆ.

ವಿಚಾರಣೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಎಲ್ಲವೂ ವಿಡಿಯೊ ಆಗುತ್ತದೆ. ಇಷ್ಟೇ ಜನ ಸೇರಬೇಕೆಂದಿಲ್ಲ; ಹತ್ತು ಜನ ಬಂದರೂ ವಿಚಾರಣೆ ನಡೆಯುತ್ತದೆ. ಮಾತಾಡಿದ್ದನ್ನೇ ಬರೆದೂ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳುವವರೆಗೂ ಎದ್ದು ಹೋಗಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಕೇಳಿ.

ಅಷ್ಟಾದರೂ ಅನುಮತಿ ಸಿಕ್ಕಿತು ಎನ್ನಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನದವರೆಗೆ ಅವಕಾಶವಿದೆ, ಆಮೇಲೆ ಇಲ್ಲ. ಆಗ ನಿಮ್ಮ ಕೈಯಲ್ಲಿ ಆ ಸ್ವೀಕೃತಿ ಪತ್ರ ಮತ್ತು ನಡಾವಳಿಯ ಪ್ರತಿ ಇರಲಿ.