ಡೆಬಿಯನ್ ಏರಿಸಿದೆ, ಪೋಸ್ಟ್‌ಗ್ರೆಸ್ ಇಂಡೆಕ್ಸ್ ಕೆಟ್ಟಿತು

ಸರಕಿನ ಕೋಡ್ ಕೊಟ್ಟು ಹುಡುಕಿದರೆ ಸೊನ್ನೆ ಸಾಲು. ಟೇಬಲ್ ಪೂರ್ತಿ ತೆರೆದು ಕಣ್ಣಾಡಿಸಿದರೆ ಆ ಕೋಡ್ ಅಲ್ಲೇ ಕೂತಿದೆ. ನನಗೆ ಮೊದಲು ಅನುಮಾನ ಬಂದದ್ದು ಅಪ್ಲಿಕೇಶನ್ ಬರೆದವರ ಮೇಲೆ. ಕೋಡ್‌ನ ಕೊನೆಗೆ ಎಲ್ಲೋ ಸ್ಪೇಸ್ ಉಳಿಸಿದ್ದೀರಿ ಎಂದು ಅವರನ್ನು ಅರ್ಧ ದಿನ ಗೋಳುಹೊಯ್ದುಕೊಂಡೆ. ಸ್ಪೇಸ್ ಇರಲಿಲ್ಲ.

ಅದಕ್ಕೆ ನಾಲ್ಕು ದಿನ ಮುಂಚೆ ನಾನೇ ಸರ್ವರಿನ ಆಪರೇಟಿಂಗ್ ಸಿಸ್ಟಮನ್ನು ಡೆಬಿಯನ್ 9ರಿಂದ 10ಕ್ಕೆ ಏರಿಸಿದ್ದೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದನ್ನು ಆ ಯೋಜನೆಯವರದೇ ರೆಪಾಸಿಟರಿಯಿಂದ ಹಾಕಿಕೊಂಡಿದ್ದರಿಂದ ಮುಂಚೆಯೂ 11ನೇ ಆವೃತ್ತಿ, ಆಮೇಲೂ 11. ಡೇಟಾ ಡೈರೆಕ್ಟರಿಗೆ ಕೈ ಹಚ್ಚಿರಲಿಲ್ಲ. ಸರ್ವಿಸ್ ಎದ್ದಿತು, ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇಲ್ಲ. ನೆಮ್ಮದಿಯಾಗಿ ಮಲಗಿದ್ದೆ.

ಸಾಲನ್ನು ಬೇಗ ಹುಡುಕಲು ಡೇಟಾಬೇಸ್ ಕ್ರಮವಾಗಿ ಜೋಡಿಸಿಟ್ಟುಕೊಳ್ಳುವ ಸೂಚಿಯೇ ಇಂಡೆಕ್ಸ್. ಕೊನೆಗೆ ಒಂದು ಸೆಷನ್‌ನಲ್ಲಿ ಅದನ್ನು ಬಳಸುವ ಇಂಡೆಕ್ಸ್ ಸ್ಕ್ಯಾನ್, ಬಿಟ್‌ಮ್ಯಾಪ್ ಸ್ಕ್ಯಾನ್ ಎರಡನ್ನೂ ಆಫ್ ಮಾಡಿ ಅದೇ ಕ್ವೆರಿ ಓಡಿಸಿದೆ. ಸಾಲು ಬಂತು. ಮತ್ತೆ ಆನ್ ಮಾಡಿದೆ, ಮಾಯ. ಡೇಟಾ ಸರಿಯಿದೆ, ಇಂಡೆಕ್ಸೇ ಸುಳ್ಳು ಹೇಳುತ್ತಿದೆ ಎಂದು ಆಗ ಖಾತ್ರಿಯಾಯಿತು.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನೇ ತೀರ್ಮಾನಿಸುವುದಿಲ್ಲ, ಆಪರೇಟಿಂಗ್ ಸಿಸ್ಟಮ್‌ನ ಸಿ ಲೈಬ್ರರಿಯನ್ನು ಕೇಳುತ್ತದೆ. ಆ ಲೈಬ್ರರಿಯ ಹೆಸರು ಜಿಲಿಬ್‌ಸಿ. ಡೆಬಿಯನ್ 9ರಲ್ಲಿದ್ದದ್ದು ಅದರ 2.24, 10ರಲ್ಲಿ 2.28. ಆ 2.28ರಲ್ಲಿ ಜೋಡಣೆಯ ನಿಯಮಗಳನ್ನೇ ಹೊಸದಾಗಿ ಬರೆದಿದ್ದರು. ನಮ್ಮ ನಿಘಂಟಿನಲ್ಲಿ ಕ್ಷ ಇರುವುದು ಕಕಾರದ ಒಳಗೆ. ಮಗ್ಗಿ ಪುಸ್ತಕದ ವರ್ಣಮಾಲೆಯಲ್ಲಿ ಅದು ಳ ಆದ ಮೇಲೆ. ನಿಘಂಟನ್ನು ಮೊದಲ ಲೆಕ್ಕದಲ್ಲಿ ಜೋಡಿಸಿ, ಹುಡುಕುವವನಿಗೆ ಎರಡನೆಯ ಲೆಕ್ಕ ಕಲಿಸಿದರೆ ಅವನು ಕೊನೆಯ ಪುಟ ತಿರುವಿ ‘ಕ್ಷಮೆ ಎಂಬ ಪದವೇ ಇಲ್ಲ’ ಎನ್ನುತ್ತಾನೆ. ನನ್ನ ಬಿ-ಟ್ರೀ ಇಂಡೆಕ್ಸ್‌ಗೆ ಆದದ್ದೂ ಅದೇ.

ಹಳೆಯ ಡೆಬಿಯನ್ ಇದ್ದ ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸಿದೆ. 1-1 ಮತ್ತು 11 ಎಂಬ ಎರಡು ಸಾಲನ್ನು ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆ, ಪ್ರದೇಶದ ಸೆಟ್ಟಿಂಗ್) ಸಾರ್ಟ್ ಆಜ್ಞೆಗೆ ಕೊಟ್ಟರೆ ಅಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು. ನಮ್ಮ ಕೋಡ್‌ಗಳ ತುಂಬ ಹೈಫನ್ನೇ. ಸಂಖ್ಯೆ, ದಿನಾಂಕದ ಇಂಡೆಕ್ಸ್‌ಗಳಿಗೆ ಏನೂ ಆಗಿರಲಿಲ್ಲ.

ಇಂಡೆಕ್ಸ್ ಸರಿಯಿದೆಯೇ ಎಂದು ನೋಡುವ ಆಮ್‌ಚೆಕ್ ಎಕ್ಸ್‌ಟೆನ್ಶನ್ ಹಾಕಿ ಒಂದೊಂದೇ ಇಂಡೆಕ್ಸ್ ತಪಾಸಣೆ ಮಾಡಿದೆ. ಕ್ರಮ ತಪ್ಪಿದೆ ಎಂಬ ದೂರು ಸಾಲುಸಾಲಾಗಿ ಬಂತು. ಸರಿ, ರೀಇಂಡೆಕ್ಸ್ ಮಾಡಿ ಎಲ್ಲವನ್ನೂ ಹೊಸದಾಗಿ ಕಟ್ಟಿದರಾಯಿತು ಅಂದುಕೊಂಡೆ. ಬರೆಯುವವರನ್ನು ತಡೆಯದೆ ಅದನ್ನು ಮಾಡುವ ಸೌಲಭ್ಯ ಬಂದದ್ದು ಪೋಸ್ಟ್‌ಗ್ರೆಸ್ 12ರಲ್ಲಿ, ಹಾಗಾಗಿ ರಾತ್ರಿ ಅಪ್ಲಿಕೇಶನ್ ನಿಲ್ಲಿಸಿ ಕೂತೆ. ಬೇರೆಲ್ಲ ಆಯಿತು, ಒಂದೇ ಕೋಡ್ ಎರಡು ಸಲ ಬರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಮಾತ್ರ ಕಟ್ಟಲಾಗುವುದಿಲ್ಲ ಎಂದು ಹಟ ಹಿಡಿಯಿತು. ನಾಲ್ಕು ದಿನದಲ್ಲಿ ‘ಈ ಕೋಡ್ ಇಲ್ಲವಲ್ಲ’ ಎಂದುಕೊಂಡು ಅಪ್ಲಿಕೇಶನ್ ಅದನ್ನೇ ಮತ್ತೆ ಸೇರಿಸಿತ್ತು, ಕುರುಡು ಇಂಡೆಕ್ಸ್ ಒಪ್ಪಿಕೊಂಡಿತ್ತು. ಒಂದೇ ಸರಕಿಗೆ ಎರಡು ಐಡಿ, ಹಳೆಯ ದಾಸ್ತಾನು ಒಂದರಲ್ಲಿ, ಹೊಸ ವಹಿವಾಟು ಇನ್ನೊಂದರಲ್ಲಿ.

ನಿಜವಾದ ಕೆಲಸ ಅದೇ. ಬ್ಯಾಕಪ್ ತೆಗೆದು, ಪ್ರತಿ ಜೋಡಿಯಲ್ಲೂ ಹೊಸ ಐಡಿಗೆ ಅಂಟಿಕೊಂಡ ಸಾಲುಗಳನ್ನು ಹಳೆಯ ಐಡಿಗೆ ತಿರುಗಿಸಿ, ಖಾಲಿಯಾದದ್ದನ್ನು ಅಳಿಸುತ್ತಾ ಬಂದೆ. ಹುಡುಕುವಾಗಲೂ ಇಂಡೆಕ್ಸ್ ಆಫ್ ಇಟ್ಟುಕೊಂಡೇ. ಇಲ್ಲದಿದ್ದರೆ ಜೋಡಿಗಳು ಕಣ್ಣಿಗೇ ಬೀಳುವುದಿಲ್ಲ. ಬೆಳಗಿನ ಜಾವ ಯೂನಿಕ್ ಇಂಡೆಕ್ಸ್ ಕಟ್ಟಿತು.

ಪಿಜಿ ಡಂಪ್ ಆಜ್ಞೆಯಿಂದ ಡೇಟಾ ಹೊರತೆಗೆದು ಹೊಸ ಯಂತ್ರಕ್ಕೆ ಸುರಿದಿದ್ದರೆ ಇಂಡೆಕ್ಸ್‌ಗಳೆಲ್ಲ ಹೊಸದಾಗಿಯೇ ಹುಟ್ಟುತ್ತಿದ್ದವು, ಈ ಪಾಡು ಇರುತ್ತಿರಲಿಲ್ಲ. ಪ್ರೈಮರಿ (ಮುಖ್ಯ ಸರ್ವರ್) ಒಂದು ಆವೃತ್ತಿಯ ಡೆಬಿಯನ್, ಸ್ಟ್ಯಾಂಡ್‌ಬೈ (ಅದರ ನಕಲು) ಇನ್ನೊಂದು ಆವೃತ್ತಿಯ ಡೆಬಿಯನ್ ಇಟ್ಟುಕೊಂಡು ಫೈಲ್ ಮಟ್ಟದ ರೆಪ್ಲಿಕೇಶನ್ ನಡೆಸುವವರಿಗೂ ಇದೇ ಗುಂಡಿ ಕಾದಿರುತ್ತದೆ.

ಜೋಡಣೆಯ ನಿಯಮಕ್ಕೆ ಕೊಲೇಶನ್ ಎನ್ನುತ್ತಾರೆ. ಈಗ ಕೋಡ್ ಕಾಲಂಗಳಿಗೆಲ್ಲ ಸಿ ಕೊಲೇಶನ್ ಹಾಕಿದ್ದೇನೆ. ಅದು ಬೈಟ್‌ಗಳನ್ನಷ್ಟೇ ಹೋಲಿಸುತ್ತದೆ, ಲೈಬ್ರರಿಯ ಹಂಗಿಲ್ಲ. ಪೋಸ್ಟ್‌ಗ್ರೆಸ್ 15ನೇ ಆವೃತ್ತಿಯಿಂದ ಡೇಟಾಬೇಸೇ ತನ್ನ ಕೊಲೇಶನ್ ಆವೃತ್ತಿಯನ್ನು ನೆನಪಿಟ್ಟುಕೊಂಡು, ಬದಲಾಗಿದ್ದರೆ ಕನೆಕ್ಟ್ ಆಗುವಾಗ ಎಚ್ಚರಿಸುತ್ತದೆ. ರಿಫ್ರೆಶ್ ಕೊಲೇಶನ್ ವರ್ಶನ್ ಆಜ್ಞೆ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ ಅಷ್ಟೇ, ಇಂಡೆಕ್ಸ್ ಸರಿಮಾಡುವುದಿಲ್ಲ. ಮೊದಲು ರೀಇಂಡೆಕ್ಸ್, ಆಮೇಲೆ ರಿಫ್ರೆಶ್.