ಪೆನ್ಶನ್ ರೂಪಾಯಿಯಲ್ಲಿ, ಖರ್ಚು ದಿರ್ಹಮ್‌ನಲ್ಲಿ

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ರಿಟೈರ್ ಆದೆ. ಮಗ ದುಬೈಯಲ್ಲಿದ್ದಾನೆ. "ಅಪ್ಪನನ್ನು ಕರಕೊಂಡು ಇಲ್ಲಿಗೇ ಬಂದುಬಿಡಿ ಅಮ್ಮ" ಅಂತ ಎರಡು ವರ್ಷದಿಂದ ಹೇಳುತ್ತಿದ್ದ. ಕಾಸರಗೋಡಿನಲ್ಲಿ ಈ ಮಾತು ಬರದ ಮನೆ ಕಡಿಮೆ. ಹೂಂ ಅನ್ನುವ ಮೊದಲು ನಾವು ಒಂದು ವರ್ಷ ಕೂತು ಲೆಕ್ಕ ಹಾಕಿದೆವು. ನನ್ನ ಹಾಗೆ ಸಣ್ಣ ಪೆನ್ಶನ್ನಿನಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹನ್ನೆರಡು ತಿಂಗಳ ಖರ್ಚು ಬರೆಯಿರಿ. ಒಂದೆರಡು ತಿಂಗಳದ್ದು ಸಾಲದು. ಮಳೆಗಾಲದಲ್ಲಿ ಅಡಕೆಗೆ ಮದ್ದು ಬಿಡುವ ಕೂಲಿ, ಪಂಪ್ ರಿಪೇರಿ, ಮದುವೆ ಮುಂಜಿ, ಇವೆಲ್ಲ ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ. ನನ್ನ ಪೆನ್ಶನ್ 31,000. ಖರ್ಚು ಸರಾಸರಿ 24,000 ಬಂತು. ನೋಡಿ ಖುಷಿಯಾಯಿತು. ಆಮೇಲೆ ಅದೇ ಪುಟದ ಎದುರಿನ ಪುಟದಲ್ಲಿ, ನಾವು ದುಡ್ಡು ಕೊಡದೆ ತಿನ್ನುವುದನ್ನೂ ಕುಡಿಯುವುದನ್ನೂ ಬರೆದೆ. ತೆಂಗಿನಕಾಯಿ, ಬಸಳೆ, ಬಾಳೆಕಾಯಿ, ಹಲಸು, ಕರಿಬೇವು, ಒಳ್ಳೆಮೆಣಸು. ಕೊನೆಯಲ್ಲಿ ಸುರಂಗದ ನೀರು. ಗುಡ್ಡದೊಳಗಿಂದ ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುವ ನೀರಿಗೆ ಬೆಲೆ ಎಷ್ಟು ಅಂತ ಬರೆಯುವುದು? ಆ ಪುಟ ತುಂಬಿತು. ದುಬೈಯಲ್ಲಿ ಅದನ್ನೆಲ್ಲ ಕೊಂಡುಕೊಳ್ಳಬೇಕು. ಈ ಎರಡನೇ ಪುಟವನ್ನು ದಯವಿಟ್ಟು ಬಿಡಬೇಡಿ.

ಇನ್ನು ರೂಪಾಯಿಯ ವಿಷಯ. ದುಬೈಯಲ್ಲಿ ನಡೆಯುವ ದುಡ್ಡು ದಿರ್ಹಮ್. ಅದು 1997ರಿಂದ ಡಾಲರಿಗೆ ಕಟ್ಟಿಕೊಂಡಿದೆ, 1 ಡಾಲರಿಗೆ 3.6725 ದಿರ್ಹಮ್. ರೂಪಾಯಿ ಹಾಗಲ್ಲ. 2014ರಲ್ಲಿ 10,000 ರೂಪಾಯಿಗೆ ಸುಮಾರು 600 ದಿರ್ಹಮ್ ಸಿಗುತ್ತಿತ್ತು. 2024ರಲ್ಲಿ ಸಿಕ್ಕಿದ್ದು ಸುಮಾರು 440. ದುಡಿಯುವ ಮಕ್ಕಳು ಊರಿಗೆ ಹಣ ಕಳಿಸುವಾಗ ಇದು ಲಾಭ. ಪೆನ್ಶನ್ ತೆಗೆದುಕೊಂಡು ಹೋಗುವ ನಮಗೆ ಪೂರ್ತಿ ತಿರುಗಾಮುರುಗಾ. ಹಾಗಾಗಿ ಇವತ್ತಿನ ರೇಟಿನಲ್ಲಿ ಸರಿಹೋದರೆ ಸಾಲದು, ನಾಲ್ಕನೇ ಒಂದು ಪಾಲು ಕಡಿಮೆ ಸಿಕ್ಕರೂ ನಡೆಯುತ್ತದಾ ನೋಡಿ.

ವೀಸಾದ ಲೆಕ್ಕ ಬೇಗ ಮುಗಿಯುತ್ತದೆ. ದುಬೈಯ ನಿವೃತ್ತಿ ವೀಸಾಕ್ಕೆ ವಯಸ್ಸು 55 ಆಗಿರಬೇಕು. ಉಳಿತಾಯ ತೋರಿಸಿ ಪಡೆಯುವುದಾದರೆ 10 ಲಕ್ಷ ದಿರ್ಹಮ್ ಬೇಕು. ಅದು ಎರಡು ಕೋಟಿ ರೂಪಾಯಿ ದಾಟುತ್ತದೆ. ಖರ್ಚು ಕಡಿಮೆ ಅಂತ ಥಾಯ್ಲೆಂಡ್ ಹೆಸರು ಹೇಳುವವರಿದ್ದಾರೆ. ಅಲ್ಲಿ 50 ದಾಟಿದವರು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಅಂದರೆ ಒಂದೂವರೆ ಲಕ್ಷ ರೂಪಾಯಿಗಿಂತ ಜಾಸ್ತಿ. ನಮ್ಮಂಥವರಿಗೆ ಉಳಿಯುವ ದಾರಿ ಮಗನ ಹೆಸರಿನಲ್ಲಿ ಸಿಗುವ ತಂದೆತಾಯಿ ವೀಸಾ. ಅದು ಒಂದೊಂದು ವರ್ಷದ್ದು, ಪ್ರತಿ ವರ್ಷ ಹೊಸದು ಮಾಡಿಸಬೇಕು. ಅವನ ಕೆಲಸ ಹೋದರೆ ನಮ್ಮ ವೀಸಾವೂ ಹೋದ ಹಾಗೆ. ಇದನ್ನು ಮಗನ ಹತ್ತಿರ ಬಾಯಿಬಿಟ್ಟು ಮಾತಾಡಲೇಬೇಕು. ಅವನು ಬೇಸರ ಮಾಡಿಕೊಳ್ಳುತ್ತಾನೆ ಅಂತ ನಾನು ಆರು ತಿಂಗಳು ಸುಮ್ನೆ ಇದ್ದೆ. ಮಾತಾಡಿದ ಮೇಲೆ ಇಬ್ಬರಿಗೂ ಹಗುರಾಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಆಸ್ಪತ್ರೆಯ ಲೆಕ್ಕಕ್ಕೆ ಕೊಡಿ. ಗಡಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ದಾರಿ ಮುಚ್ಚಿ, ಆಂಬುಲೆನ್ಸ್ ದಾಟಲಾಗದೆ ನಮ್ಮ ಜಿಲ್ಲೆಯ ಜನ ತೀರಿಕೊಂಡರು. ಒಂದೇ ದೇಶದೊಳಗೆ ಹೀಗಾದರೆ, ಕಡಲಾಚೆ? ನನ್ನ ಪೆನ್ಶನ್ನಿನಿಂದ ತಿಂಗಳು ತಿಂಗಳು ಮೆಡಿಸೆಪ್‌ಗೆ, ಅಂದರೆ ಕೇರಳ ಸರ್ಕಾರದ ನೌಕರರ ಮತ್ತು ಪೆನ್ಶನ್‌ದಾರರ ಆರೋಗ್ಯ ವಿಮೆಗೆ, ಹಣ ಹಿಡಿಯುತ್ತಾರೆ. ದುಬೈ ಆಸ್ಪತ್ರೆಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ವೀಸಾಕ್ಕೆ ಆರೋಗ್ಯ ವಿಮೆ ಕಡ್ಡಾಯ. ನಮ್ಮ ಮನೆಯವರಿಗೆ 68, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ವಿಮೆಯವರ ಹತ್ತಿರ ಮೂರು ಪ್ರಶ್ನೆ ಕೇಳಿ. ಈಗಾಗಲೇ ಇರುವ ಕಾಯಿಲೆಗೆ ಯಾವಾಗಿನಿಂದ ಕೊಡುತ್ತೀರಿ? ಪ್ರತಿ ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು? 70 ದಾಟಿದ ಮೇಲೆ ಕಂತು ಎಷ್ಟು? ಉತ್ತರ ಬರಹದಲ್ಲಿ ಬೇಕು ಅನ್ನಿ.

ಔಷಧಿಯನ್ನೂ ನೋಡಿಕೊಳ್ಳಿ. ಇವರಿಗೆ ಕಾಲುರಿಗೆ ರಾತ್ರಿ ಒಂದು ಪ್ರೆಗಾಬಲಿನ್ ಗುಳಿಗೆ. ಇಲ್ಲಿ ಡಾಕ್ಟರು ಚೀಟಿ ಬರೆದರೆ ಸಿಗುತ್ತದೆ. ಯುಎಇಯಲ್ಲಿ ಅದು ನಿಯಂತ್ರಣದಲ್ಲಿರುವ ಮದ್ದು. ತೆಗೆದುಕೊಂಡು ಹೋಗಲು ಮೊದಲೇ ಆನ್‌ಲೈನ್ ಅನುಮತಿ ಪಡೆಯಬೇಕು. ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಹೊರಟರೆ ಏರ್‌ಪೋರ್ಟಿನಲ್ಲಿ ಕಷ್ಟಕ್ಕೆ ಬೀಳುತ್ತೀರಿ. ದಿನದ ಎಲ್ಲ ಗುಳಿಗೆಗಳ ಹೆಸರು ಬರೆದು, ಒಂದೊಂದನ್ನೇ ಅಲ್ಲಿನ ನಿಯಮದ ಜೊತೆ ಹೋಲಿಸಿ.

ಕಾಗದಪತ್ರದಲ್ಲಿ ನಮಗೆ, ಗಡಿನಾಡಿನವರಿಗೆ, ಒಂದು ಕೆಲಸ ಜಾಸ್ತಿ. ನನ್ನ ಶಾಲೆ ದಾಖಲೆ ಕನ್ನಡದಲ್ಲಿ, ವಿಲ್ಲೇಜ್ ಆಫೀಸಿನದು ಮಲಯಾಳದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ. ಮೂರರಲ್ಲಿ ನನ್ನ ಹೆಸರು ಮೂರು ಥರ. ಇದನ್ನು ಮೊದಲು ಸರಿ ಮಾಡಿಸಿ, ಆಮೇಲೆ ದೃಢೀಕರಣಕ್ಕೆ ಹೋಗಿ. ಪೆನ್ಶನ್ನಿನ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಅಂತ ತೋರಿಸುವುದು, ವರ್ಷಕ್ಕೊಮ್ಮೆ ಇದೆ. ಅಲ್ಲಿಂದ ಅದನ್ನು ಹೇಗೆ ಮಾಡುವುದು ಅಂತ ಟ್ರೆಶರಿಯಲ್ಲಿ ಕೇಳಿಯೇ ಹೊರಡಿ. ಖಾಯಂ ಹೋಗಿ ಅನಿವಾಸಿ ಆದರೆ ಬ್ಯಾಂಕಿನ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಹಿರಿಯರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ಇಡಲು ಆಗುವುದಿಲ್ಲ.

ಇಷ್ಟಾದ ಮೇಲೂ ಮನಸ್ಸಿದ್ದರೆ, ವಿಸಿಟ್ ವೀಸಾದಲ್ಲಿ ಹೋಗಿ ಎರಡು ತಿಂಗಳು ಇದ್ದು ನೋಡಿ. ನೆಂಟರ ಹಾಗೆ ಇರಬೇಡಿ. ತರಕಾರಿ ನೀವೇ ತನ್ನಿ, ಬಸ್ಸಿನಲ್ಲಿ ಓಡಾಡಿ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲು ಹೇಗೆ ಕಳೆಯುತ್ತದೆ ನೋಡಿ. ಸಾಧ್ಯವಾದರೆ ಬೇಸಿಗೆಯಲ್ಲೂ ಒಮ್ಮೆ ಇದ್ದು ಬನ್ನಿ. ನಾವು ಜೂನಿನಲ್ಲಿ ಹೋಗಿದ್ದೆವು. ಇವರು ಹದಿಮೂರನೇ ಮಹಡಿಯ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು, ದಿನಾ ಬೆಳಿಗ್ಗೆ ಊರಿಗೆ ಫೋನ್ ಮಾಡಿ "ಮಳೆ ಬಂತಾ?" ಅಂತ ಕೇಳುತ್ತಿದ್ದರು. ಮೊಮ್ಮಗಳು ನನ್ನ ತೊಡೆಯಲ್ಲಿ ಕೂತು ಕನ್ನಡ ಅಕ್ಷರ ಕಲಿತಳು. ಎರಡೂ ನಿಜ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹೋಗುವುದೇ ಆದರೆ ಮನೆ, ತೋಟ ಮಾರಬೇಡಿ. ಕಡಿಮೆ ಎಂದರೆ ಮೂರು ವರ್ಷ ಹಾಗೇ ಇರಲಿ. ತಿರುಗಿ ಬರಲು ಜಾಗ ಇದ್ದರೆ ಅಲ್ಲಿಯೂ ಧೈರ್ಯವಾಗಿ ಇರಬಹುದು. ನಾವು ವರ್ಷಕ್ಕೆ ಎರಡು ತಿಂಗಳು, ಡಿಸೆಂಬರ್ ಮತ್ತು ಜನವರಿ, ಅಂತ ತೀರ್ಮಾನ ಮಾಡಿದ್ದೇವೆ. ಆಗ ಅಡಕೆ ಕೊಯ್ಲು. ಈ ಸಲ ಅದನ್ನು ತಮ್ಮ ನೋಡಿಕೊಳ್ಳುತ್ತಾನೆ.